ತಲೆಹೊಟ್ಟಿನ ಚೀಟಿಯ ಐದನೆಯ ಸಾಲು

ಖಾನಾಪುರದ ಆ ಹಿತ್ತಲಿನಲ್ಲಿ ಅಂದು ನಿಜವಾಗಿ ಏನಾಯಿತು ಎಂದು ನಾನು ಖಚಿತವಾಗಿ ಹೇಳಲಾರೆ. ನನ್ನ ತಲೆಯಲ್ಲಿ ಉಳಿದಿರುವ ಚಿತ್ರ ಇಷ್ಟು: ತಲೆ ತೊಳೆದುಕೊಂಡ ಆಯಿ, ಆ ಮನೆಯ ಅಜ್ಜಿ, ಹಿತ್ತಲಿನ ಒಗೆಯುವ ಕಲ್ಲಿನ ಮೇಲೆ ಕೂತಿದ್ದಾರೆ. ಬಿಳಿ ಕೂದಲು ಬೆನ್ನ ಮೇಲೆ ಹರಡಿದೆ. ಬೆಳಗಿನ ಬಿಸಿಲು ನೆತ್ತಿಯ ಮೇಲೆ ಬಿದ್ದಿದೆ. ಅವರು ನನ್ನ ಕಡೆ ತಿರುಗಿ, "ಹಿಂಗ ಬಿಸಲಾಗ ಕುಂತ್ರ ಹೊಟ್ಟ ತಾನ ಹೋಗತೈತಿ" ಎನ್ನುತ್ತಿದ್ದಾರೆ. ಕಲ್ಲಿನ ಬದಿಗಿದ್ದ ಹಿತ್ತಾಳೆ ತಂಬಿಗೆಯ ಹೊಳಪು ಕೂಡ ನನಗೆ ನೆನಪಿದೆ.

ಇಷ್ಟು ಸ್ಪಷ್ಟವಾದ ನೆನಪು ಸುಳ್ಳಾಗಿರಲು ಸಾಧ್ಯವಿಲ್ಲ ಎಂದು ನಾನು ಬಹಳ ದಿನ ನಂಬಿದ್ದೆ. ಔಷಧಶಾಸ್ತ್ರ ಓದಿದವನು ನಾನು. ರೋಗಿ ಹೇಳಿದ್ದನ್ನು ಕೇಳು, ಆದರೆ ದಾಖಲೆ ನೋಡು ಎಂದು ವಿಶ್ವವಿದ್ಯಾಲಯದಲ್ಲಿ ನಮಗೆ ಕಲಿಸಿದ್ದರು. ಆ ಪಾಠವನ್ನು ಎಲ್ಲರ ಮೇಲೂ ಪ್ರಯೋಗಿಸಿದೆ, ನನ್ನೊಬ್ಬನನ್ನು ಬಿಟ್ಟು.

ಆಗ ನಾನು ಬೆಳಗಾವಿಯ ಅನಗೋಳದ ಒಂದು ಓಣಿಯಲ್ಲಿ, ಸಾಬೂನು ಮತ್ತು ಕೂದಲಿನ ಪುಡಿ ಮಾಡುವ ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದೆ. ಮಾಲೀಕರಿಗೆ ತಲೆಹೊಟ್ಟಿಗೆ ಒಂದು ನೈಸರ್ಗಿಕ ಪುಡಿ ಮಾರುಕಟ್ಟೆಗೆ ತರುವ ಆಸೆ. ಖಾನಾಪುರದಲ್ಲಿ ಒಬ್ಬ ಆಯಿ ಇದ್ದಾರೆ, ಪ್ರತಿ ರವಿವಾರ ಅವರ ಮನೆಗೆ ಹೆಂಗಸರು ತಲೆ ತೋರಿಸಲು ಬರುತ್ತಾರೆ ಎಂದು ಅವರಿಗೆ ಯಾರೋ ಹೇಳಿದ್ದರು.

"ಆಯಿ ಹೆಸರ ಪ್ಯಾಕೆಟ್ ಮ್ಯಾಲೆ ಹಾಕೂಣು," ಎಂದರು ಮಾಲೀಕರು. "ಹೊಟ್ಟು ನಿವಾರಕ ಅಂತ ದೊಡ್ಡದಾಗಿ ಬರಸೂಣು."

"ಪರೀಕ್ಷಾ ಮಾಡದ ಆ ಮಾತ ಬರಿಯಾಕ ಬರೂದಿಲ್ರಿ," ಎಂದೆ.

"ಮಾಡ್ರಿ ಹಂಗಾರ. ನೀವು ದೇವರನ್ನ ಕಂಡ್ರೂ ಮೊದಲ ಗುರುತಿನ ಚೀಟಿ ಕೇಳಾವ್ರು."

ಸಂಕ್ರಾಂತಿ ಮುಗಿದ ವಾರ ನಾನು ಮೊದಲ ಸಲ ಬೆಳಗಿನ ರೈಲು ಹಿಡಿದು ಆಯಿಯ ಮನೆಗೆ ಹೋದೆ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಗಟ್ಟಿ ಧ್ವನಿ, ಸೀಗೆಕಾಯಿಯ ಕಲೆ ಹಿಡಿದ ಬೆರಳುಗಳು. ಸೊಸೆ ಅಂಗನವಾಡಿಯಲ್ಲಿ ಕೆಲಸ ಮಾಡುತ್ತಿದ್ದಳು. ಆಯಿ ಹೇಳುತ್ತಾ ಹೋದರು, ನಾನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ.

ಮೆಂತ್ಯೆಯನ್ನು ಹುಳಿ ಮಜ್ಜಿಗೆಯಲ್ಲಿ ಹಿಂದಿನ ದಿನವೇ ನೆನೆ ಹಾಕಿ ನುಣ್ಣಗೆ ಅರೆಯಬೇಕು. ಸೀಗೆಕಾಯಿಯ ಬೀಜ ತೆಗೆದು, ನಾಲ್ಕೈದು ಅಂಟುವಾಳದ ಸಿಪ್ಪೆಯ ಜೊತೆ ಕುದಿಸಿ, ಆ ನೀರನ್ನು ಬಟ್ಟೆಯಲ್ಲಿ ಮೂರು ಸಲ ಸೋಸಬೇಕು. ಸೋಸದಿದ್ದರೆ ಚೂರುಗಳು ಚರ್ಮವನ್ನು ಗೀರುತ್ತವೆ. ಮೆಂತ್ಯೆಯನ್ನು ಕೂದಲಿಗಲ್ಲ, ಬೈತಲೆ ತೆಗೆದು ತೆಗೆದು ಬುಡಕ್ಕೆ ಹಚ್ಚಬೇಕು. ಸ್ವಲ್ಪ ಹೊತ್ತು ಬಿಟ್ಟು ಆ ಸೋಸಿದ ನೀರಿನಿಂದ ತೊಳೆಯಬೇಕು. ಕೊನೆಗೆ ಉಗುರು ಬೆಚ್ಚಗಿನ ನೀರು, ಸುಡುವ ನೀರಲ್ಲ. ವಾರಕ್ಕೆ ಎರಡು ಸಲ. ಬಾಚಣಿಕೆಯನ್ನು ಬಿಸಿನೀರಿನಲ್ಲಿ ಅದ್ದಬೇಕು, ದಿಂಬಿನ ಬಟ್ಟೆ ಬದಲಿಸಬೇಕು.

"ಉಗರ ಮಾತ್ರ ತಾಗಸಬ್ಯಾಡ್ರಿ," ಎಂದರು. "ಕೆರೀಬೇಕು ಅನಸಿದ್ರ ಕೈ ಕಟಗೊಂಡು ಕುಂದರ್ರಿ. ಮತ್ತ ಹೊಟ್ಟ ಹೋಗೂತನಾ ಬುಡಕ್ಕ ಎಣ್ಣಿ ಬ್ಯಾಡ."

ಕೊನೆಯ ಮಾತಿಗೆ ನಾನು ಪೆನ್ನು ನಿಲ್ಲಿಸಿದೆ. ಹೊಟ್ಟಿಗೆ ಎಣ್ಣೆ ತಿಕ್ಕಬೇಕು ಎನ್ನುವುದು ನಮ್ಮ ಕಡೆ ಎಲ್ಲರ ಮಾತು. ಆದರೆ ತಲೆಹೊಟ್ಟಿಗೆ ಕಾರಣವಾಗುವ ಸೂಕ್ಷ್ಮ ಬೂಸ್ಟು ನೆತ್ತಿಯ ಜಿಡ್ಡನ್ನೇ ತಿಂದು ಬೆಳೆಯುತ್ತದೆ ಎಂದು ನಾನು ಓದಿದ್ದೆ. ಓದದ ಆಯಿ ಅದೇ ಮಾತನ್ನು ಹೇಳಿದರು. ಆಗ ನನಗೆ ಅವರ ಮೇಲೆ ಬಂದದ್ದು ಗೌರವವೋ ಅಸೂಯೆಯೋ, ಈಗ ಹೇಳುವುದು ಕಷ್ಟ.

ಮಾತು ಮುಗಿದ ಮೇಲೆ ಆಯಿ ನನ್ನೆದುರಿಗೇ ಹಿತ್ತಲಿನಲ್ಲಿ ತಲೆ ತೊಳೆದು ತೋರಿಸಿದರು. ನಾನು ಹೇಳಿದ ಚಿತ್ರ ಆ ಹೊತ್ತಿನದು.

ಮಹಿಳಾ ಸಂಘದ ಹೊಲಿಗೆ ಕೋಣೆಯಲ್ಲಿ ಪರೀಕ್ಷೆ ಶುರುವಾಯಿತು. ಹನ್ನೆರಡು ಹೆಂಗಸರು ಒಪ್ಪಿದರು. ಮನೆಯಲ್ಲಿ ಮಜ್ಜಿಗೆಯಲ್ಲಿ ನೆನೆಸಿ, ಕುದಿಸಿ ಬಳಸಲು ಬೇಕಾದ ಪುಡಿಯನ್ನು ಆಯಿಯೇ ಮಾಡಿ ಕೊಟ್ಟರು. ಪ್ರತಿಯೊಬ್ಬರಿಗೂ ಮೊದಲು ಮೊಣಕೈಯ ಒಳಬದಿಗೆ ಸ್ವಲ್ಪ ಹಚ್ಚಿ, ಎರಡು ದಿನ ಕಾದು, ಉರಿ ಇಲ್ಲವೆಂದು ನೋಡಿದೆ. ಅಳತೆಯ ಕ್ರಮ ನನ್ನದು. ಹೊಲಿಗೆ ಕೋಣೆಯಲ್ಲಿದ್ದ ಕರಿ ಬಟ್ಟೆಯ ತುಂಡುಗಳ ಮೇಲೆ ಸೀಮೆಸುಣ್ಣದಿಂದ ಚೌಕ ಎಳೆದೆ. ಹೆಂಗಸರು ಬಗ್ಗಿ ಇಪ್ಪತ್ತು ಸಲ ಬಾಚಿಕೊಂಡರೆ ಬಟ್ಟೆಯ ಮೇಲೆ ಬಿದ್ದ ಹೊಟ್ಟನ್ನು ಭೂತಗನ್ನಡಿ ಹಿಡಿದು ಚೌಕ ಚೌಕವಾಗಿ ಎಣಿಸುತ್ತಿದ್ದೆ. ನೆತ್ತಿಯನ್ನು ನಾಲ್ಕು ಭಾಗ ಮಾಡಿ ಕೆಂಪು, ಜಿಡ್ಡು, ಪದರು ಗುರುತಿಸುತ್ತಿದ್ದೆ. ಪ್ರತಿ ಶನಿವಾರ ಬೆಳಿಗ್ಗೆ ರೈಲಿನಲ್ಲಿ ದೇಸೂರ ದಾಟಿ ಖಾನಾಪುರಕ್ಕೆ ಹೋಗಿ ಈ ಎಣಿಕೆ.

"ಇಷ್ಟ ಕಲತು ಕಡೀಗಿ ನಮ್ಮ ಕೋಂಡಾ ಎಣಸಾಕ ಬಂದ್ರಲ್ರಿ," ಎಂದು ಸಂಘದ ಅಧ್ಯಕ್ಷೆ ನಕ್ಕಳು. ಅಲ್ಲಿ ಅರ್ಧದಷ್ಟು ಹೆಂಗಸರು ಹೊಟ್ಟಿಗೆ ಮರಾಠಿಯ ಕೋಂಡಾ ಎಂದೇ ಅನ್ನುತ್ತಿದ್ದರು.

ಮೂರನೆಯ ವಾರ ಲೆಕ್ಕ ಕೆಟ್ಟಿತು. ಕಡಿಮೆಯಾಗುತ್ತಿದ್ದ ಎಣಿಕೆ ಐದಾರು ಜನರಲ್ಲಿ ಮತ್ತೆ ಏರಿತ್ತು. ಮೊದಲು ಪುಡಿಯನ್ನು ಅನುಮಾನಿಸಿದೆ, ಆಮೇಲೆ ನನ್ನ ಎಣಿಕೆಯನ್ನು. ಕೊನೆಗೆ ಕರಿ ಬಟ್ಟೆಯೊಂದನ್ನು ಬೆಳಕಿಗೆ ಹಿಡಿದಾಗ ಜಿಡ್ಡಿನ ಮಚ್ಚೆಗಳು ಕಂಡವು.

"ಎಣ್ಣಿ ಹಚ್ಚೀರೇನು?" ಎಂದು ಕೇಳಿದೆ. ಎಲ್ಲರೂ ಹೊಲಿಗೆ ಯಂತ್ರಗಳ ಕಡೆ ನೋಡಿದರು.

"ಎಣ್ಣಿ ಇಲ್ಲದ ತಲೀಲೆ ಹೊರಗ ಬಂದ್ರ ಮನ್ಯಾಗ ಯಾರ ಸತ್ತಾರ ಅಂತ ಬಾಜು ಮನಿಯವ್ರು ಕೇಳತಾರ್ರಿ," ಎಂದಳು ಒಬ್ಬಳು. "ನಮ್ಮತ್ತಿ ಖರೇನ ಗಟ್ಟಿಮುಟ್ಟಾಗಿ ಅದಾಳ. ಆಕಿನ ಮುಂದ ನಾ ಸೂತಕದ ತಲಿ ಹೊತ್ತು ತಿರಗಲೇನ್ರಿ?"

ಆಯಿ ಇದಕ್ಕೆ ದಾರಿ ಹೇಳಿದರು. ಕಿವಿಯಿಂದ ಕೆಳಗಿನ ಕೂದಲಿಗೆ ಮಾತ್ರ ಎಣ್ಣೆ ಸವರಿ ಜಡೆ ಹಾಕುವುದು. ಬುಡ ಒಣಗಿರುತ್ತದೆ, ಜಡೆ ಮಿಂಚುತ್ತದೆ, ಅತ್ತೆಯೂ ಸುಮ್ಮನಾಗುತ್ತಾಳೆ. ನಾನು ಅದನ್ನು ಬರೆದುಕೊಂಡೆ. ಮುಂದಿನ ವಾರದಿಂದ ಎಣಿಕೆ ಮತ್ತೆ ಇಳಿಯತೊಡಗಿತು.

ಹನ್ನೆರಡು ಜನರಲ್ಲಿ ಒಬ್ಬಳು ಖಾನಾಪುರದ ನ್ಯಾಯಾಲಯದಲ್ಲಿ ಕೆಲಸ ಮಾಡುವ ಯುವ ವಕೀಲೆ. ಎಲ್ಲರಿಗಿಂತ ಹೆಚ್ಚು ಹೊಟ್ಟು ಅವಳಿಗೆ, ಎಲ್ಲರಿಗಿಂತ ಹೆಚ್ಚು ನಾಚಿಕೆ ಕೂಡ. "ಮೇಡಂ, ಸೀದಾ ಹಿಟ್ಟಿನ ಗಿರಣಿಯಿಂದ ಬಂದ್ರೇನ್ರಿ?" ಎಂದು ಅಲ್ಲಿಯ ಗುಮಾಸ್ತನೊಬ್ಬ ಎಲ್ಲರೆದುರು ಕೇಳಿದ್ದನಂತೆ. ಅವಳಿಗೆ ಒಂದು ಸರ್ಕಾರಿ ಕಾನೂನು ಹುದ್ದೆಯ ಸಂದರ್ಶನ ಬಂದಿತ್ತು. ಉಳಿದದ್ದು ಮೂರು ವಾರ.

"ಕರೀ ಕೋಟ ಹಾಕ್ಕೊಂಡ ಹೋಗಬೇಕ್ರಿ ಸರ್," ಎಂದಳು. "ಲಗೂನ ಆಗೂದ ಏನರ ಐತೇನ್ರಿ?"

ಆಯಿಯನ್ನು ಕೇಳಿದೆ. "ಲಗೂ ಆಗೂದಿಲ್ಲ," ಎಂದರು. "ಈಗ ಕಡಿಮಿ ಆಗೇತಿ. ಇನ್ನೊಂದ ತಿಂಗಳ ತಡಕೊ ಅನ್ರಿ. ಅಲ್ಲೀತನಾ ಕೋಟ ಝಾಡಿಸಿ ಹಾಕ್ಕೊಳ್ಳಲಿ."

ನಾನು ತಡೆದುಕೊಳ್ಳಲಿಲ್ಲ. ಅನಗೋಳದ ಕೋಣೆಯಲ್ಲಿ ಕೂತು ನನ್ನಷ್ಟಕ್ಕೆ ತರ್ಕ ಮಾಡಿದೆ: ಬೂಸ್ಟಿಗೆ ಹುಳಿ ಆಗುವುದಿಲ್ಲ, ನಿಂಬೆರಸ ಮಜ್ಜಿಗೆಗಿಂತ ಹುಳಿ, ಬಿಸಿಲು ಬೂಸ್ಟನ್ನು ಕೊಲ್ಲುತ್ತದೆ, ಎರಡೂ ಮನೆಯಲ್ಲೇ ಸಿಗುತ್ತವೆ, ಎರಡೂ ನೈಸರ್ಗಿಕ. ಹೊಸ ವಸ್ತು ಸೇರಿಸುವ ಮುನ್ನ ಮೊಣಕೈ ಪರೀಕ್ಷೆ ಮಾಡುವ ನಿಯಮ ನಾನೇ ಮಾಡಿದ್ದು. ನಿಂಬೆಹಣ್ಣಿಗೆ ಯಾವ ಪರೀಕ್ಷೆ ಎಂದುಕೊಂಡೆ. ಔಷಧಶಾಸ್ತ್ರದ ಪುಸ್ತಕ ತೆರೆಯಲಿಲ್ಲ. ಬಳಸುವ ಕ್ರಮವನ್ನು ಪ್ರತಿಯೊಬ್ಬರಿಗೂ ಚೀಟಿಯಲ್ಲಿ ಬರೆದು ಕೊಟ್ಟಿದ್ದೆ; ವಕೀಲೆಯ ಚೀಟಿಯಲ್ಲಿ ಆಗಲೇ ನಾಲ್ಕು ಸೂಚನೆಗಳಿದ್ದವು. ಕೆಳಗೆ ಐದನೆಯದನ್ನು ಸೇರಿಸಿ ಕೊಟ್ಟೆ. ಅದನ್ನು ಆಯಿಗೆ ತೋರಿಸಿದೆನೇ? ತೋರಿಸಿದೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆಯಿಗೆ ಓದಲು ಬರುವುದಿಲ್ಲ ಎಂದು ಆಮೇಲೆ ನೆನಪಾಗುತ್ತದೆ.

ಐದು ದಿನಗಳ ನಂತರ ವಕೀಲೆಯ ಫೋನ್ ಬಂತು. "ಸರ್, ಹಣಿ ಸುಟ್ಟಂಗ ಆಗೇತ್ರಿ."

ನಾನು ಹೋಗಿ ನೋಡಿದಾಗ ಬೈತಲೆಯುದ್ದಕ್ಕೂ ಚರ್ಮ ಕೆಂಪಾಗಿ ನೀರ್ಗುಳ್ಳೆ ಎದ್ದಿತ್ತು. ಹಣೆಯ ಮೇಲೆ ಎರಡು ಗೆರೆ, ಎಡಗಿವಿಯ ಮುಂದೆ ಒಂದು. ನೀರು ಹರಿದ ದಾರಿಯಂತೆ ಇದ್ದವು. ನಿಂಬೆರಸ ಇಳಿದ ದಾರಿ ಅದೇ. ಅವಳು ಎರಡು ದಿನ ಬೆಳಿಗ್ಗೆ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು, ಚೀಟಿಯಲ್ಲಿ ಹೇಳಿದಷ್ಟೇ ಹೊತ್ತು, ಗಡಿಯಾರ ನೋಡಿ ಕೂತಿದ್ದಳು.

ಬೆಳಗಾವಿಯ ಚರ್ಮವೈದ್ಯರ ಬಳಿ ಕರೆದುಕೊಂಡು ಬಂದೆ. ಅವರು ದೂರದಿಂದಲೇ ನೋಡಿ ಕೇಳಿದರು, "ನಿಂಬಿಹಣ್ಣ ಹಚಗೊಂಡ ಬಿಸಲಿಗೆ ಕುಂತಿದ್ರೇನು?" ನಿಂಬೆಯಲ್ಲಿರುವ ಒಂದು ಅಂಶ ಬಿಸಿಲು ತಾಗಿದರೆ ಚರ್ಮವನ್ನು ಸುಡುತ್ತದೆ, ಗಾಯ ಮಾಯುತ್ತದೆ, ಆದರೆ ಕಂದು ಕಲೆ ಕೆಲವು ತಿಂಗಳು ಉಳಿಯಬಹುದು ಎಂದರು. ಆಮೇಲೆ ನನ್ನನ್ನು ನೋಡಿ, "ಯಾರ ಹೇಳಿದ್ರು ಇದನ್ನ?"

"ಹಳ್ಳಿ ಕಡೆ ಪದ್ಧತಿರಿ," ಎಂದೆ.

ವಕೀಲೆ ನನ್ನ ಪಕ್ಕದಲ್ಲೇ ಕೂತಿದ್ದಳು.

ಸುದ್ದಿ ಖಾನಾಪುರದಲ್ಲಿ ಹಬ್ಬಲು ಒಂದು ದಿನ ಸಾಕಾಯಿತು. ಮುಂದಿನ ಶನಿವಾರ ಹೊಲಿಗೆ ಕೋಣೆಯಲ್ಲಿ ಯಾರೂ ಕರಿ ಬಟ್ಟೆ ಬಿಚ್ಚಲಿಲ್ಲ. ಆಯಿಯನ್ನೂ ಕರೆಸಿದ್ದರು. ವಕೀಲೆ ಬಂದಿರಲಿಲ್ಲ.

"ಆಯಿ, ಔಷಧದಾಗ ಏನ ಹಾಕೀದಿ ಖರೇ ಹೇಳ," ಎಂದಳು ಅಧ್ಯಕ್ಷೆ.

"ಮೆಂತೆ, ಮಜ್ಜಿಗಿ, ಸೀಗಿಕಾಯಿ, ಅಂಟವಾಳ. ನಿಮ್ಮವ್ವನ ತಲೀಗಿ ಹಚ್ಚಿದ್ದೂ ಅದ."

"ಮತ್ತ ನಿಂಬಿಹಣ್ಣ?"

"ನಿಂಬಿಹಣ್ಣ ನಾ ಉಪ್ಪಿನಕಾಯಿಗಿ ಹಾಕತೀನಿ, ಮಂದಿ ತಲೀಗಲ್ಲ."

ಒಂದಿಬ್ಬರು ನಕ್ಕರು. ಅಧ್ಯಕ್ಷೆ ನಗಲಿಲ್ಲ. "ಬಿಸಲಾಗ ಕುಂದರ ಅಂತ ಯಾರ ಹೇಳಿದ್ರು?"

ಆಯಿ ನನ್ನ ಕಡೆ ಕೈ ಮಾಡಿದರು. "ಸಾಹೇಬ್ರನ್ನ ಕೇಳ. ನಾ ಹೇಳಿದ್ದೆಲ್ಲಾ ಅವರ ಪುಸ್ತಕದಾಗ ಐತಿ."

ಆ ಪುಸ್ತಕ ನನ್ನ ಚೀಲದಲ್ಲೇ ಇತ್ತು. ತೆಗೆದು ಓದಬಹುದಿತ್ತು. ನಾನು ತೆಗೆಯಲಿಲ್ಲ. "ನಿಂಬಿಹಣ್ಣ ನಾನ ಸೇರಿಸಿದ್ದು," ಎಂದೆ. "ಆದ್ರ ಆಯಿ ತಲಿ ತೊಳಕೊಂಡ ಬಿಸಲಾಗ ಕುಂತಿದ್ದನ್ನ ನಾನ ಕಣ್ಣಾರೆ ನೋಡೀನಿ. ಬಾಯಿಲೇನೂ ಹೇಳಿದ್ರು. ಪದ್ಧತಿ ಹಂಗ ಐತಿ ಅಂತ ಬರದ್ನಿ. ನಿಂಬಿಹಣ್ಣೊಂದ ಆಗಿದ್ರ ಇಷ್ಟ ಸುಡತಿರಲಿಲ್ಲ."

ವೈದ್ಯರಿಂದ ಕೇಳಿದ ವಿಜ್ಞಾನವನ್ನು ನಾನು ಹೀಗೆ ಬಳಸಿಕೊಂಡೆ.

ಆಯಿ ನನ್ನನ್ನೇ ನೋಡಿದರು. "ನಾ ಬಿಸಲ ಅಂದ್ನೇನ?" ಎಂದರು. ನನ್ನನ್ನು ಕೇಳಿದಂತಿರಲಿಲ್ಲ. ತಮ್ಮನ್ನೇ ಕೇಳಿಕೊಂಡಂತಿತ್ತು. ಆಮೇಲೆ ಸೆರಗು ಸರಿಮಾಡಿಕೊಂಡು ಎದ್ದರು. "ವಯಸ್ಸಾಗೇತಿ. ಅಂದಿದ್ರೂ ಅಂದಿರಬೇಕ ಬಿಡ್ರಿ."

ಆ ರವಿವಾರ ಆಯಿಯ ಮನೆಗೆ ಯಾರೂ ತಲೆ ತೋರಿಸಲು ಬರಲಿಲ್ಲ ಎಂದು ಸೊಸೆಗೆ ಫೋನ್ ಮಾಡಿದಾಗ ತಿಳಿಯಿತು. ಅದರ ಮುಂದಿನ ರವಿವಾರವೂ ಇಲ್ಲ. ಮಾಲೀಕರು, "ಹಂಗಾರ ಆ ಹೆಸರ ಬ್ಯಾಡ, ಪುಡೀನೂ ಬ್ಯಾಡ," ಎಂದು ವಿಷಯ ಮುಗಿಸಿದರು. ಆಯಿ ಸೀಗೆಕಾಯಿ ತರಿಸುವುದನ್ನು ನಿಲ್ಲಿಸಿದ್ದರು. ಸಾರಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂದು ಈಗೀಗ ಎರಡೆರಡು ಸಲ ಕೇಳುತ್ತಾರೆ ಎಂದಳು ಸೊಸೆ. ಫೋನ್ ಇಟ್ಟ ಮೇಲೂ ಆ ಮಾತು ನನ್ನನ್ನು ಬಿಡಲಿಲ್ಲ. ಒಬ್ಬ ಹೆಂಗಸಿನ ಐವತ್ತು ವರ್ಷದ ಮಾತಿಗೆ ಅವಳೇ ಸಾಕ್ಷಿ ಕೇಳಿಕೊಳ್ಳುವಂತೆ ಮಾಡಿದ್ದೆ.

ಆದರೂ ನಾನು ಕೂಡಲೇ ಹೋಗಲಿಲ್ಲ. ಪುಸ್ತಕ ತೆಗೆದು ನೋಡಿದೆ. ಸಂಕ್ರಾಂತಿಯ ವಾರದ ಪುಟದಲ್ಲಿ ಮಜ್ಜಿಗೆಯ ಅಳತೆ ಇತ್ತು, ಸೋಸುವ ಬಟ್ಟೆಯ ಬಗ್ಗೆ ಇತ್ತು, ಬಿಸಿಲಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬರೆದುಕೊಳ್ಳಲು ಮರೆತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಚಿತ್ರ ಇನ್ನೂ ಹಾಗೇ ಇತ್ತು: ಕಲ್ಲು, ಬಿಸಿಲು, ತಂಬಿಗೆ.

ಸಂದರ್ಶನ ಮುಗಿದು ಒಂದು ತಿಂಗಳಾದ ಮೇಲೆ ವಕೀಲೆಯನ್ನು ನೋಡಲು ಹೋದೆ. ಹಣೆಯ ಗೆರೆಗಳು ಕಂದಾಗಿದ್ದವು. ಅವಳು ಆಯ್ಕೆಯಾಗಿರಲಿಲ್ಲ.

"ಅದಕ್ಕ ಹಣಿ ಕಾರಣ ಅಲ್ರಿ," ಎಂದಳು ನಾನು ಬಾಯಿ ತೆರೆಯುವ ಮೊದಲೇ. "ಸಾಕ್ಷ್ಯದ ಮ್ಯಾಲೆ ಎರಡ ಪ್ರಶ್ನೆ ಕೇಳಿದ್ರು, ಎರಡೂ ತಪ್ಪಿದ್ನಿ." ಆಮೇಲೆ ಕಪಾಟಿನಿಂದ ಒಂದು ಕಡತ ತೆಗೆದಳು. "ನಾವು ವಕೀಲ್ರು ಕಾಗದ ಬಿಸಾಕೂದಿಲ್ಲ."

ನನ್ನ ಚೀಟಿ. ಮೊದಲ ನಾಲ್ಕು ಸಾಲು ನೀಲಿ ಶಾಯಿಯಲ್ಲಿ. ಪ್ರತಿಯೊಂದರ ಕೊನೆಗೆ ನನ್ನ ಅಭ್ಯಾಸದಂತೆ ಸಣ್ಣದಾಗಿ 'ಆಯಿ' ಎಂದು ಮೂಲ ಗುರುತಿಸಿದ್ದೆ. ಐದನೆಯದು ಕಪ್ಪು ಶಾಯಿಯಲ್ಲಿ: 'ತೊಳೆಯುವ ಮುನ್ನ ಬುಡಕ್ಕೆ ನಿಂಬೆರಸ, ಬಿಸಿಲಿನಲ್ಲಿ ಇಪ್ಪತ್ತು ನಿಮಿಷ.' ಅದರ ಮುಂದೆ ಯಾವ ಹೆಸರೂ ಇರಲಿಲ್ಲ.

"ಇದ ನಿಮ್ಮ ಹತ್ರ ಮೊದಲಿಂದ ಇತ್ತಲ್ಲ," ಎಂದೆ. "ಡಾಕ್ಟರ್ ಮುಂದ ಯಾಕ ತೋರಿಸಲಿಲ್ಲ?"

"ನೀವಾಗೇ ಹೇಳತೀರಿ ಅಂತ ಕಾದ್ನಿರಿ," ಎಂದಳು. "ಇವತ್ತೂ ನಾನ ತೋರಿಸಬೇಕಾತು."

ಮುಂದಿನ ಶನಿವಾರ ಹೊಲಿಗೆ ಕೋಣೆಯಲ್ಲಿ, ಆಯಿಯನ್ನು ಕೂರಿಸಿ, ಚೀಟಿಯನ್ನೂ ಪುಸ್ತಕವನ್ನೂ ಮೇಜಿನ ಮೇಲಿಟ್ಟು ಹೇಳಿದೆ: ನಿಂಬೆಹಣ್ಣೂ ನನ್ನದು, ಬಿಸಿಲಿನ ಸಾಲೂ ನನ್ನದು, ಆಯಿ ಕಾಯಬೇಕು ಎಂದಿದ್ದರು, ನಾನು ಕಾಯಲಿಲ್ಲ. ಮಾಲೀಕರಿಗೂ ಇದನ್ನೇ ಬರೆದುಕೊಟ್ಟೆ. ಹೆಂಗಸರು ನಾನು ನಿರೀಕ್ಷಿಸಿದಷ್ಟು ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು.

ಆಯಿ ಮಾತ್ರ ಕೇಳಿದರು, "ಮತ್ತ ನಾ ಬಿಸಲಾಗ ಕುಂತಿದ್ದು? ಕಣ್ಣಾರೆ ನೋಡೀನಿ ಅಂದ್ರಲ್ಲ?"

ಅಲ್ಲಿಯೂ ನಾನು ಪೂರ್ತಿ ತಪ್ಪೊಪ್ಪಿಕೊಳ್ಳಲಿಲ್ಲ. "ನನಗ ಹಂಗ ನೆನಪೈತ್ರಿ ಆಯಿ," ಎಂದೆ.

"ಓದಿದವ್ರ ಪಾಡ ಛಲೋ ಐತಿ," ಎಂದರು ಆಯಿ. "ತಪ್ಪಿದ್ರೂ ನೆನಪ ಅಂತೀರಿ. ನಾವ ತಪ್ಪಿದ್ರ ಮರವು."

ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ನಡೆಸಿದೆವು, ಈ ಸಲ ವೈದ್ಯರೊಬ್ಬರ ಉಸ್ತುವಾರಿಯಲ್ಲಿ. ಒಂಬತ್ತು ಜನ ಬಂದರು, ವಕೀಲೆಯೂ ಬಂದಳು. ಎರಡು ತಿಂಗಳಲ್ಲಿ ಏಳು ಜನರ ಕರಿ ಬಟ್ಟೆ ಬಹಳಮಟ್ಟಿಗೆ ಖಾಲಿಯಾಯಿತು. ಬಿಟ್ಟರೆ ಮತ್ತೆ ಬರುತ್ತದೆ ಎಂಬುದೂ ಕಂಡಿತು. ಹಾಗಾಗಿ ಹೋದ ಮೇಲೂ ವಾರಕ್ಕೊಮ್ಮೆ ತೊಳೆಯಲು ಹೇಳಿದೆವು. ಉಳಿದಿಬ್ಬರದು ಹೊಟ್ಟೇ ಅಲ್ಲ, ಬೇರೆ ಚರ್ಮರೋಗ ಎಂದು ವೈದ್ಯರು ಗುರುತಿಸಿ ಔಷಧ ಕೊಟ್ಟರು. ಮಾಲೀಕರು ಪುಡಿಯನ್ನು ಮತ್ತೆ ಕೈಗೆತ್ತಿಕೊಂಡರು, ಆದರೆ ಪ್ಯಾಕೆಟ್ಟಿನ ಮೇಲೆ ನಿವಾರಕ ಎಂಬ ಮಾತು ಬರಲು ನಾನು ಬಿಡಲಿಲ್ಲ. ತಮ್ಮ ಹೆಸರು ಬರಲು ಆಯಿ ಬಿಡಲಿಲ್ಲ. ರವಿವಾರ ಅವರ ಮನೆಗೆ ಮತ್ತೆ ಕೆಲವರು ಬರುತ್ತಾರೆ, ಮೊದಲಿನಷ್ಟಲ್ಲ.

ಈ ವರ್ಷ ಸಂಕ್ರಾಂತಿ ಮುಗಿದ ವಾರ, ಅದೇ ರೈಲು ಹಿಡಿದು ಆಯಿಯ ಮನೆಗೆ ಹೋದೆ. ಹಿತ್ತಲಿನ ಕಲ್ಲನ್ನು ನೋಡಬೇಕು ಎಂದೆ.

"ಕಲ್ಲ ನೋಡಾಕ ಬೆಳಗಾವಿಯಿಂದ ಬಂದ್ರೇನು? ನೋಡ್ರಿ, ಅದೇನ ಓಡಿ ಹೋಗಿಲ್ಲ," ಎಂದರು ಆಯಿ, ಸೀಗೆಕಾಯಿಯ ಬೀಜ ತೆಗೆಯುವುದನ್ನು ನಿಲ್ಲಿಸದೆ.

ಹಿತ್ತಲು ಮನೆಯ ಉತ್ತರಕ್ಕಿದೆ. ಒಗೆಯುವ ಕಲ್ಲು ಮನೆಯ ಗೋಡೆಗೆ ತಾಗಿಕೊಂಡು, ಮಾಡಿನ ಅಂಚಿನ ಕೆಳಗೆ ಹೂತಿದೆ. ಗೋಡೆಯಾಗಲಿ ಮಾಡಾಗಲಿ ಹೊಸದಾಗಿ ಕಟ್ಟಿದ್ದಲ್ಲ, ಕಲ್ಲನ್ನು ಯಾರೂ ಜರುಗಿಸಿಲ್ಲ ಎಂದು ಸೊಸೆ ಹೇಳಿದಳು. ಒಂಬತ್ತಕ್ಕೆ ನಾನು ಬೇಲಿಯ ಬಳಿ ಒಂದು ಸ್ಟೂಲು ಹಾಕಿಕೊಂಡು ಕೂತೆ. ಹತ್ತಕ್ಕೆ ಬಿಸಿಲು ಬೇಲಿಯ ಮೇಲಿತ್ತು. ಹನ್ನೊಂದಕ್ಕೆ ಹಿತ್ತಲಿನ ನಡುವಿನ ತುಳಸಿಯ ಹತ್ತಿರ ಬಂತು. ಸೊಸೆ ಎರಡು ಸಲ ಚಹಾ ತಂದಳು. ಹನ್ನೆರಡಕ್ಕೆ ನೆರಳಿನ ಅಂಚು ಕಲ್ಲಿನಿಂದ ಮೂರು ಗೇಣು ಆಚೆಗೇ ನಿಂತಿತು. ನಾನು ಎದ್ದು ಹೋಗಿ ಕಲ್ಲಿನ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಅದರ ಬುಡದಲ್ಲಿ ಹಸಿರು ಪಾಚಿ ಇತ್ತು.

ವರ್ಷದ ಆ ವಾರದಲ್ಲಿ, ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಹನ್ನೆರಡರವರೆಗೆ, ಆ ಕಲ್ಲಿನ ಮೇಲೆ ಬಿಸಿಲು ಬೀಳುವುದಿಲ್ಲ.